ಮಾಳಪ್ಪನ ಕೈಬಲೆ

ಐವತ್ತೆಂಟನೆಯ ಇಸವಿ. ನಮ್ಮೂರ ಕೆರೆಯಲ್ಲಿ ಮೀನು ಹಿಡಿಯಲು ವರ್ಷಕ್ಕೆ ಒಂದೇ ದಿನ ಬಿಡುತ್ತಿದ್ದರು. ಅದಕ್ಕಾಗಿ ಮಾಳಪ್ಪ ಕಾಕಾ ಕೈಬಲೆಯ ಬಾಯಿಗೆ ಮರದ ಬಳೆ ಮಾಡಿದ. ಹುಣಸೆಯ ಹಸಿ ಕೊಂಬೆಯನ್ನು ನಡುಮನೆಯ ಕಂಬಕ್ಕೆ ಸುತ್ತಿ ಬಗ್ಗಿಸಿ, ಎರಡೂ ತುದಿಗಳನ್ನು ಹಿಡಿಕೆಗೆ ಸೇರಿಸಿ ಮೊಳೆ ಹೊಡೆದು ಒಣಗಲು ಬಿಟ್ಟ. ಕೆರೆಯ ದಿನ ನೋಡಿದರೆ ಬಳೆ ಚೆಂದ ಬಂದಿತ್ತು, ಕಂಬ ಬಿಟ್ಟು ಮಾತ್ರ ಬರಲೊಲ್ಲದು.

"ಕೊಯ್ದು ತಗೀರಿ," ಎಂದಳು ಹೆಂಡತಿ ಉಡಚವ್ವ.

"ಇಂಥಾ ಬಳಿ ಕೊಯ್ಯೂದಾ? ಕಂಬಾನ ತಗೀತೇನಿ!"

ಓಣಿಯ ಹುಡುಗರು ನಾವು ನಾಲ್ವರು ಕಂಬದ ಮೇಲಿನ ತೊಲೆಗೆ ಹೆಗಲು ಕೊಟ್ಟೆವು. ಕಾಕಾ ಕಂಬದ ಬುಡ ಸರಿಸಿದ; ಬಳೆ ಕೆಳಗಿನಿಂದ ಜಾರಿ ಬಂತು, ಆದರೆ ಬುಡ ಮುರಿದು ಕಂಬ ಮತ್ತೆ ನಿಲ್ಲದಾಯಿತು. ಅಷ್ಟರಲ್ಲಿ ಕೆರೆಯ ಕಡೆ ಗದ್ದಲ ಕೇಳಿ ನಾವು ಓಡಿದೆವು. ತೊಲೆಗೆ ಹೆಗಲು ಕೊಟ್ಟು ಕಾಕಾ ಒಬ್ಬನೇ ಉಳಿದ. ಬಳೆಗೆ ಬಲೆ ಕಟ್ಟಿಕೊಂಡು ಉಡಚವ್ವನೇ ಕೆರೆಗೆ ಬಂದಳು.

ಮಧ್ಯಾಹ್ನ ಬುಟ್ಟಿ ತುಂಬ ಮೀನು ಮನೆಗೆ ಒಯ್ದಳು. ಕಾಕಾ ಇನ್ನೂ ತೊಲೆ ಹೊತ್ತೇ ನಿಂತಿದ್ದ.

"ಬಳಿ ಹೆಂಗೈತಿ?" ಎಂದ ಕಾಕಾ.

"ಭಾಳ ಚಲೋ ಐತ್ರಿ. ಸಾರು ಕುದಿಯೂತನಕ ಅಲುಗಾಡಬ್ಯಾಡ್ರಿ, ಗಡಿಗ್ಯಾಗ ಮಾಳಿಗಿ ಮಣ್ಣು ಬೀಳತೈತಿ."