ಕನ್ನಡಿಯನ್ನು ಯಾರೂ ಒಡೆಯಲಿಲ್ಲ

ಆ ಮುಂಜಾನೆ ಎಕಂಬಾದ ಆಕಾಶ ತೊಳೆದಿಟ್ಟ ತಾಟಿನಂತೆ ಬರಿದಾಗಿತ್ತು. ಆರಿದ್ರಾ ಮಳೆ ಹುಟ್ಟಿದರೂ ಹನಿಯಿಲ್ಲ. ಬಿಸಿಗಾಳಿ ಬಾಗಿಲ ಸಂದಿಯಿಂದ ಧೂಳು ತಂದು ದೇವರ ಜಗಲಿಗೆ ಸುರಿಯುತ್ತಿತ್ತು. ಕೇಶರಬಾಯಿ ಅದನ್ನು ಸೆರಗಿನಿಂದ ಒರೆಸಿ, ದೀಪ ಹಚ್ಚಿ, ಜಪಮಾಲೆ ಹಿಡಿದು ಮೊಮ್ಮಗಳು ಮೀರಾಳ ಪಕ್ಕ ಕುಳಿತಳು. ಮೀರಾಳ ಅಪ್ಪ ಅವ್ವ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಬೀದರಿನ ಸೋದರಮಾವ ಕೊಟ್ಟ ಹಳೆಯ ಫೋನೇ ಹುಡುಗಿಗೆ ಜೊತೆ.

ಅದರಲ್ಲಿ ಜಪಾನಿನ ಕಾರ್ಟೂನು, ಹಿಂದಿ ಮಾತು. ಮಾಯದ ಕನ್ನಡಿಯೊಂದು ಹುಡುಗಿಯನ್ನು ಹೆಸರು ಹಿಡಿದು ಕರೆದು ಮಿಂಚಿನ ಕೋಲು ಕೊಡುತ್ತದೆ: ಊರು ಉಳಿಸು. ಉಳಿಸಿದಾಗಲೆಲ್ಲ ಬಲ್ಲವರೊಬ್ಬರು ಅವಳನ್ನು ಮರೆಯುತ್ತಾರೆ. ಕಡೆಗೆ ಹೆತ್ತ ತಾಯಿಯೇ ಯಾರ ಮಗಳೆಂದು ಕೇಳಿದಳು. ಹುಡುಗಿ ಚುಕ್ಕಿಯಾದಳು, ಊರು ದೀಪ ಹಚ್ಚಿ ಅತ್ತಿತು.

"ಹ್ಯಾಂಗದ ಆಯಿ?"

"ಖರೆ ಹೇಳ್ಯಾದ. ನಮ್ಮ ಕತಿಯೊಳಗ ವರ ಕೊಡಾವ ಬೆಲಿ ಹೇಳಾಂಗಿಲ್ಲ, ಇದು ಹೇಳ್ತದ. ಹೆತ್ತಾಕೀನೂ ಮರೀತಾಳ." ಕೇಶರಬಾಯಿ ಫೋನನ್ನು ಬೋರಲು ಹಾಕಿದಳು.

"ಮತ್ತ ಸಿಟ್ಟ್ಯಾಕ?"

"ಕನ್ನಡಿ ಯಾರಾರ ಒಡದ್ರೇನು? ಹಂಗೇ ನಿಂತದ, ಹೊಳಕೋತ! ನಾಳಿಗಿ ಇನ್ನೊಬ್ಬಾಕಿನ್ನ ಕರೀತದ. ಇಷ್ಟು ಖರೆ ಹೇಳಿದ ಕತಿ ಕಡೀಗಿ ಅಂಜಿ, ಆಕಿನ್ನ ಚುಕ್ಕಿ ಮಾಡಿ ಕೈ ತೊಳಕೊಂಡದ. ಅಳೂದ್ರಾಗೂ ಎಷ್ಟು ಚಂದ ತೆಗದಾರ ನೋಡು, ಒಂದು ಮೂಗಿಂದೂ ನೀರಿಳಿಲಿಲ್ಲ!"

ಮೀರಾ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಊರ ಹಿರಿಯ ಧೊಂಡಿಬಾ ಎರಡೂ ಕೈಯಲ್ಲಿ ಗುರ್ಜಿ ಹಿಡಿದು ಬಾಗಿಲಿಗೆ ಬಂದ. ರೊಟ್ಟಿ ಹಂಚಿನ ಮೇಲೆ ಸಗಣಿಯಲ್ಲಿ ಮಾಡಿದ ಮಳೆದೇವರು ಗುರ್ಜಿ, ನೆತ್ತಿಗೆ ಗರಿಕೆ. ಮಳೆ ಕೈಕೊಟ್ಟ ವರ್ಷ ಊರ ಹುಡುಗಿಯೊಬ್ಬಳು ಅದನ್ನು ತಲೆಯ ಮೇಲೆ ಬರಿಗಾಲಲ್ಲಿ ಹೊತ್ತು ತಿರುಗಬೇಕು, ಮನೆಮನೆಯವರು ನೀರು ಸುರಿಯಬೇಕು. ಗುಡಿ ಬಿಟ್ಟ ಗುರ್ಜಿಯನ್ನು ಊರು ಸುತ್ತುವ ತನಕ ನೆಲಕ್ಕಿಡುವಂತಿಲ್ಲ. ಹೊತ್ತವಳಿಗೆ ಒಂದು ಕುಪ್ಪಸದ ಖಣ ಸಲ್ಲಬೇಕು. ಹೋದ ವರ್ಷ ಹೊತ್ತ ಮೀರಾ ಬಿಸಿಲಿಗೆ ಬಿದ್ದು ಜ್ವರದಲ್ಲಿ ಮಲಗಿದ್ದಳು. ಮಳೆಯೇ ಬರಲಿಲ್ಲ, ಖಣ ಎಲ್ಲಿಯದು ಎಂದಿದ್ದ ಧೊಂಡಿಬಾ.

"ಕೇಶರಕ್ಕಾ, ಮೀರಾನ್ನ ಕಳಸ್ರಿ."

"ನಿನ್ನ ಮೊಮ್ಮಗಳಿಗಿ ಏನಾಗ್ಯಾದ?"

"ಆಕಿ ಅವ್ವ ಬಿಡಾಂಗಿಲ್ರಿ."

ಕೇಶರಬಾಯಿಯ ಕೈಯಲ್ಲಿದ್ದ ಜಪಮಾಲೆ ನಿಂತಿತು. "ಅಂದ್ರ, ಇಕಿ ಅವ್ವ ಊರಾಗಿಲ್ಲ, ಅದಕ್ಕ ಇಕಿ ಹೊರಬೇಕು?"

"ಹಂಗಲ್ರಿ. ಊರು ಉಳಿಸಿದ ಪುಣ್ಯ ಬರ್ತದ್ರಿ."

"ಇದಾ ಮಾತು ಆ ಕನ್ನಡೀನೂ ಅಂತು!"

"ಯಾವ ಕನ್ನಡಿ?"

"ಈಗ ನನ್ನ ಮುಂದ ಗುರ್ಜಿ ಹಿಡಕೊಂಡು ನಿಂತದ್ದು! ದೇವರಿಗಿ ನಾ ಅಡ್ಡ ಬರಾಕಿಯಲ್ಲ, ಧೊಂಡಿಬಾ. ಗುರ್ಜಿ ತಿರುಗಲಿ. ಪುಣ್ಯ ನೀನೇ ತಗೋ. ರುಮಾಲ ತಗದ್ರ ನಿನ್ನ ತಲಿ ಬೋಳ ಅದ, ಹಂಚು ಚಲೋ ಕೂಡ್ತದ!"

ಬೀದಿಯಲ್ಲಿ ನೀರಿನ ಟ್ಯಾಂಕರಿಗೆ ಕಾದು ನಿಂತ ಹೆಂಗಸರು ಗೊಳ್ಳೆಂದು ನಕ್ಕರು. "ಹೊರ್ರಿ ಕಾಕಾ, ನೀರು ನಾವು ಹಾಕ್ತೇವಿ!" ಎಂದಳು ಸುಭದ್ರಾಬಾಯಿ.

ಧೊಂಡಿಬಾ ಅತ್ತ ನೋಡಿದ, ಇತ್ತ ನೋಡಿದ. ನೆಲಕ್ಕಿಡುವಂತಿಲ್ಲ. ಮಗಳನ್ನು ಕಳಿಸಲು ಯಾವ ಬಾಗಿಲಿನಿಂದಲೂ ಯಾರೂ ಮುಂದೆ ಬರಲಿಲ್ಲ. ಕಡೆಗೆ ಅವನು ಚಪ್ಪಲಿ ಕಳಚಿದ; ಸುಭದ್ರಾಬಾಯಿಯೇ ಅವನ ರುಮಾಲು ತೆಗೆದಳು, ಗುರ್ಜಿ ತಲೆಯೇರಿತು. ಕೇಶರಬಾಯಿ ಗುರ್ಜಿಗೆ ಕೈಮುಗಿದು, ಕುಡಿಯುವ ನೀರಿನ ಕೊಡದಿಂದಲೇ ಒಂದು ತಂಬಿಗೆ ಸುರಿದಳು.

"ನಡಿ. ನೆರಳಿಗಿ ನಿಲ್ಲಬ್ಯಾಡ. ಹೋದ ಸಲ ಇಕಿನ್ನ ನಿಲ್ಲಗೊಟ್ಟಿದ್ದಿಲ್ಲ ನೀ."

ಸಂಜೆಯಾದರೂ ಮೋಡವಿಲ್ಲ. ದೀಪದ ಹೊತ್ತಿಗೆ ಧೊಂಡಿಬಾ ಬೊಬ್ಬೆಯೆದ್ದ ಪಾದಗಳನ್ನು ಎಳೆಯುತ್ತ, ಕುತ್ತಿಗೆ ಒಂದು ಕಡೆ ವಾಲಿಸಿಕೊಂಡು ಅಂಗಳಕ್ಕೆ ಬಂದ. ಕೇಶರಬಾಯಿಯ ಮುಖ ನೋಡಲಿಲ್ಲ. ವರ್ಷವಿಡೀ ಟ್ರಂಕಿನಲ್ಲಿ ಮಲಗಿ ಮಡಿಕೆಯಲ್ಲಿ ಬಣ್ಣ ಮಾಸಿದ ಹಸಿರು ಖಣವೊಂದನ್ನು ಮೀರಾಳ ಕೈಗಿಟ್ಟು ತಿರುಗಿ ನಡೆದ.