ಏಕನಾಥ ಸ್ಟುಡಿಯೋದ ಮೋಟುಗಾಲು

ನಾನು ಒಂದು ಕಬ್ಬಿಣದ ತಲೆಗೂಟ. ಹೆಸರು ಕೇಳಿ ಹೆದರಬೇಡಿ. ಯಾರ ತಲೆಯನ್ನೂ ನಾನು ತೆಗೆದಿಲ್ಲ, ಹಿಡಿದಿದ್ದೇನೆ ಅಷ್ಟೆ. ಹಿಂದಿನ ಕಾಲದಲ್ಲಿ ಫೋಟೋ ಮೂಡಲು ಒಂದೆರಡು ಕ್ಷಣ ಬೇಕಾಗುತ್ತಿತ್ತು. ಅಷ್ಟರಲ್ಲಿ ಕೂತವರು ತಲೆ ಅಲ್ಲಾಡಿಸಿದರೆ ಮುಖವೆಲ್ಲ ಕಲಸಿಹೋಗುತ್ತಿತ್ತು. ಅವರ ಬೆನ್ನ ಹಿಂದೆ ನಿಂತು, ನನ್ನ ಕವಲಿನಿಂದ ತಲೆಯನ್ನು ಹಿಡಿಯುವುದು ನನ್ನ ಕಸುಬು. ಹಿಡಿಯಬೇಕು, ಆದರೆ ಕಾಣಬಾರದು. ಕಾಣದಂತೆ ದುಡಿಯುವವರೇ ಒಳ್ಳೆಯವರು ಎಂದು ಮೊದಲ ದಿನದಿಂದಲೇ ನನಗೆ ಪಾಠವಾಯಿತು. ನಾನು ಆ ಪಾಠ ಕಲಿಯಲಿಲ್ಲ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ.

ನಾನು ಹುಟ್ಟಿದ್ದು ಗಜೇಂದ್ರಗಡದಲ್ಲಿ, ಕಂಬಾರ ಈರಪ್ಪನ ಕುಲುಮೆಯಲ್ಲಿ, ಮುರಿದ ಬಂಡಿಯೊಂದರ ಗಾಲಿಪಟ್ಟಿಯಿಂದ. ಊರಿಗೆ ಮೊದಲ ಸ್ಟುಡಿಯೋ ತಂದ ಏಕನಾಥಪ್ಪ ಚಿತ್ರಗಾರ ಮುಂಬಯಿಯಿಂದ ಒಂದು ಪುಸ್ತಕ ತರಿಸಿದ್ದ. ಅದರಲ್ಲಿ ತಲೆಗೂಟದ ಚಿತ್ರವಿತ್ತು. ಅದನ್ನು ಈರಪ್ಪನ ಮುಂದೆ ಹರವಿ, ಇದರಂತೆಯೇ ಆಗಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ಹೇಳಿ ಹೋದ. ಚಿತ್ರದಲ್ಲಿದ್ದ ಗೂಟಕ್ಕೆ ಮೂರು ಕಾಲು. ಮುಂದಿನ ಕಾಲು ನೋಡುವವರ ಕಡೆಗೇ ಚಾಚಿದ್ದರಿಂದ ಮೋಟಾಗಿ ಕಾಣುತ್ತಿತ್ತು. ಈರಪ್ಪ ದಾರ ಹಿಡಿದು ಅಳೆದ. ಎರಡು ಕಾಲು ಉದ್ದ, ಒಂದು ಗಿಡ್ಡ. ಹಾಗೆಯೇ ಬಡಿದು ಕೊಟ್ಟ.

ನೆಲಕ್ಕಿಟ್ಟರೆ ನಾನು ಮುಗ್ಗರಿಸಿದೆ. ಏಕನಾಥಪ್ಪ ತಲೆ ಚಚ್ಚಿಕೊಂಡ. ಈರಪ್ಪ ಜಗ್ಗಲಿಲ್ಲ.

"ನೀವ ಅಂದೀರಿ, ಚಿತ್ರದಾಗ ಇದ್ದಂಗ ಇರಬೇಕಂತ. ತಪ್ಪಿದ್ರ ಚಿತ್ರದ್ದು, ನಂದಲ್ಲ."

ಕೊನೆಗೆ ಆ ಮೋಟುಗಾಲಿಗೆ ಜಾಲಿ ಮರದ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ. ಒಂದು ಕಾಲಿಗೆ ಮಾತ್ರ ಮೆಟ್ಟು ಹಾಕಿಕೊಂಡವನಂತೆ ನಾನು ಸ್ಟುಡಿಯೋಕ್ಕೆ ಬಂದೆ. ಅಂಥ ಕಾಲಿನ ತಲೆಗೂಟ ಇನ್ನೆಲ್ಲೂ ಇರಲಾರದು. ಆ ಪೊಗರು ನನಗಿದೆ.

ಸ್ಟುಡಿಯೋ ಎಂದರೆ ಗಾಜಿನ ಮಾಡಿನ ಒಂದು ಕೋಣೆ. ಏಕನಾಥಪ್ಪನೇ ಬರೆದ ಅರಮನೆಯ ಪರದೆ, ಒಂದು ಕುರ್ಚಿ, ಅದರ ಹಿಂದೆ ನಾನು. ಮೊದಮೊದಲು ಬಂದವರಲ್ಲಿ ಪೇಟದ ಗೌಡರೊಬ್ಬರಿದ್ದರು. ಫೋಟೋ ಕೈಗೆ ಬಂದೊಡನೆ ಸಿಡಿದೆದ್ದರು. ಅವರ ಎರಡು ಮೆಟ್ಟುಗಳ ನಡುವೆ ನನ್ನ ಮೋಟುಗಾಲು ಇಣುಕಿತ್ತು.

"ನನಗೇನ್ ಮೂರು ಕಾಲ ಅದಾವೇನೋ ಏಕನಾಥ?"

ಅವತ್ತೇ ಏಕನಾಥಪ್ಪ ಒಂದು ಹಿತ್ತಾಳೆಯ ಹೂವಿನ ಕುಂಡ ತಂದು ನನ್ನ ಕಾಲಿನ ಮುಂದಿಟ್ಟ. ಹದಿನಾಲ್ಕು ವರ್ಷ ಆ ಕುಂಡದ ಹಿಂದೆ ನಾನು ಅಡಗಿದ್ದೆ. ಊರಿನ ಎಷ್ಟು ತಲೆಗಳನ್ನು ಹಿಡಿದೆನೋ ಲೆಕ್ಕವಿಲ್ಲ. ಎಲ್ಲರ ಫೋಟೋದಲ್ಲಿಯೂ ಮುಂದೆ ನಿಂತು ಮಿಂಚಿದ್ದು ಆ ಕೆಲಸಗೇಡಿ ಕುಂಡ. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಏಕನಾಥಪ್ಪನ ಹೆಂಡತಿ ತುಳಸವ್ವ. ಹಿಂದಿನ ಕತ್ತಲೆಕೋಣೆಯಲ್ಲಿ ಗಾಜಿನ ಪ್ಲೇಟುಗಳನ್ನು ತೊಳೆಯುವವಳು ಅವಳೇ. ಅವುಗಳ ಮೇಲೆ ಮೂಡಿದ ಮುಖಗಳ ಸಿಡುಬಿನ ಕಲೆಗಳನ್ನು ಪೆನ್ಸಿಲ್ಲಿನಿಂದ ತಿದ್ದುವವಳೂ ಅವಳೇ. ೧೯೩೪ರಲ್ಲಿ ಏಕನಾಥಪ್ಪನ ಎರಡೂ ಕಣ್ಣು ಹೋದವು. ಹುಬ್ಬಳ್ಳಿಯ ಡಾಕ್ಟರು ಕೈಚೆಲ್ಲಿದರು. ಸ್ಟುಡಿಯೋದ ಬಾಗಿಲು ಎಂಟು ದಿನ ಮುಚ್ಚಿತ್ತು. ಒಂಬತ್ತನೆಯ ದಿನ ತುಳಸವ್ವ ಸೆರಗು ಬಿಗಿದು, ಕ್ಯಾಮೆರಾದ ಹಿಂದೆ ಒಂದು ಮಣೆ ಹಾಕಿಕೊಂಡು ಅದರ ಮೇಲೆ ನಿಂತಳು. ಅವಳು ಕುಳ್ಳಿ, ಮಣೆ ಇಲ್ಲದಿದ್ದರೆ ಕ್ಯಾಮೆರಾದ ಕರಿಬಟ್ಟೆಗೆ ಅವಳ ತಲೆ ಎಟುಕುತ್ತಿರಲಿಲ್ಲ.

ಮೊದಲು ಹೆಂಗಸರು ಬಂದರು. ಗಂಡಸಿನ ಎದುರು ಕೂತು ಬಿಗಿದುಕೊಳ್ಳುತ್ತಿದ್ದವರು ಅವಳ ಎದುರು ಸಡಿಲವಾದರು. ಅವರ ಕುತ್ತಿಗೆ ಸಡಿಲವಾದದ್ದು ನನಗೆ ಗೊತ್ತು, ಹಿಡಿದವನು ನಾನಲ್ಲವೇ? ಆ ಫೋಟೋಗಳ ಮಾತು ಹಬ್ಬಿ ಗಂಡಸರೂ ಬಂದರು. ಬಾಗಿಲ ಬಳಿ ಏಕನಾಥಪ್ಪ ಕೂತು ಮಾತಾಡಿಸುತ್ತಿದ್ದ, ಒಳಗೆ ತುಳಸವ್ವ ಫೋಟೋ ತೆಗೆಯುತ್ತಿದ್ದಳು. ಆದರೆ ಪ್ರತಿ ಫೋಟೋದ ಹಿಂದೆ ಬೀಳುತ್ತಿದ್ದ ಶಿಕ್ಕಾ ಒಂದೇ: ಏಕನಾಥಪ್ಪ ಚಿತ್ರಗಾರ, ಗಜೇಂದ್ರಗಡ. ಅದನ್ನು ಒತ್ತುತ್ತಿದ್ದ ಕೈ ತುಳಸವ್ವನದು.

ಅದೇ ವರ್ಷ ಒಂದು ದಿನ ಅವಳು ಕೇಳಿಯೇಬಿಟ್ಟಳು.

"ಶಿಕ್ಕಾ ಸವದೈತಿ. ಹೊಸಾದು ಮಾಡಸ್ತೀವಲ್ಲ, ಅದರಾಗ ನನ್ನ ಹೆಸರೂ ಹಾಕ್ಸೂಣೇನ್ರಿ?"

ಏಕನಾಥಪ್ಪ ನಕ್ಕ. ಕೆಟ್ಟ ಮನುಷ್ಯನಲ್ಲ ಅವನು, ಆದರೆ ಆ ನಗು ಕೆಟ್ಟದಾಗಿತ್ತು. "ಹೆಂಗಸು ತಗದ ಫೋಟೋ ಅಂದ್ರ ಯಾರ್ ಗ್ವಾಡಿಗೆ ಹಾಕ್ತಾರ? ಹುಚ್ಚಿ."

ತುಳಸವ್ವ ಮರುದಿನ ಬೆಳಿಗ್ಗೆ ಆ ಹಿತ್ತಾಳೆ ಕುಂಡವನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ದನದ ಮುಂದೆ ನೀರಿಗಿಟ್ಟಳು. ವಾಪಸು ಬಂದು ಸೆರಗಿನಿಂದ ನನ್ನ ಮೋಟುಗಾಲಿನ ಧೂಳು ಒರೆಸಿದಳು.

"ದುಡಿಯೋದು ನೀನು. ಕಾಣಲಿ," ಅಂದಳು.

ಅವತ್ತಿನಿಂದ ಆ ಸ್ಟುಡಿಯೋದ ಒಂದು ಫೋಟೋದಲ್ಲಿಯೂ ನಾನು ಅಡಗಲಿಲ್ಲ. ಯಾರಾದರೂ ಗೊಣಗಿದರೆ, ಅದು ಹೊಸ ಪದ್ಧತಿ, ಮುಂಬಯಿಯಲ್ಲಿ ಹೀಗೇ ತೆಗೆಯುತ್ತಾರೆ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಏಕನಾಥಪ್ಪನಿಗೆ ಅರವತ್ತು ತುಂಬಿದಾಗ ಅವನನ್ನೇ ಕುರ್ಚಿಯಲ್ಲಿ ಕೂರಿಸಿದಳು. ರುಮಾಲು ಸುತ್ತಿ, ಕೋಟು ತೊಡಿಸಿ, ತಲೆಯನ್ನು ನನಗೆ ಒಪ್ಪಿಸಿದಳು. ಅವನು ಕೇಳಿದ.

"ಕುಂಡ ಇಟ್ಟೀಯೇನ?"

"ಇಟ್ಟೇನ್ರಿ. ಅಲ್ಲಾಡಬ್ಯಾಡ್ರಿ."

ಗಂಡನಿಗೆ ಅವಳು ಹೇಳಿದ ಸುಳ್ಳು ನನಗೆ ತಿಳಿದಂತೆ ಅದೊಂದೇ. ನನಗೆ ನಗು ತಡೆಯಲಾಗಲಿಲ್ಲ. ಆದರೂ ಅವನ ತಲೆಯನ್ನು ಕೂದಲೆಳೆಯಷ್ಟೂ ಅಲ್ಲಾಡಗೊಡಲಿಲ್ಲ, ಕಸುಬು ಕಸುಬೇ.

೧೯೪೮ರಲ್ಲಿ ತುಳಸವ್ವ ತೀರಿಕೊಂಡಳು. ಸ್ಟುಡಿಯೋ ಮುಚ್ಚಿತು. ನನ್ನನ್ನು ಪಕ್ಕದ ದರ್ಜಿ ಒಯ್ದು ಕೋಟು ತೂಗುಹಾಕಿದ. ಅವನ ನಂತರ ಹೂವಿನ ಅಂಗಡಿಯವಳೊಬ್ಬಳು ನನ್ನ ಕವಲಿಗೆ ಮಾಲೆ ಇಳಿಬಿಟ್ಟಳು. ಎಲ್ಲ ಸುತ್ತಿ ಕೊನೆಗೆ ಏಕನಾಥಪ್ಪನ ಮೊಮ್ಮಗ ವಿಠ್ಠಲನ ಫ್ಲೆಕ್ಸ್ ಅಂಗಡಿಗೆ ಬಂದು ಬಿದ್ದೆ. ಹುಟ್ಟುಹಬ್ಬದ ಶುಭಾಶಯ ಕೋರುವ ಲೀಡರುಗಳ ಫ್ಲೆಕ್ಸ್ ಗಾಳಿಗೆ ಹಾರದಂತೆ ಒತ್ತಿ ನಿಲ್ಲುವುದು ನನ್ನ ಹೊಸ ಕೆಲಸ. ನಕ್ಕುಬಿಡಿ, ನಾನೂ ನಕ್ಕಿದ್ದೇನೆ.

ಅಂಗಡಿಯ ಗೋಡೆಯ ಮೇಲೆ ಏಕನಾಥಪ್ಪನ ಆ ಅರವತ್ತರ ಫೋಟೋ ಇತ್ತು, ಗಂಧದ ಹಾರ ಹಾಕಿಕೊಂಡು. ಬಂದವರಿಗೆಲ್ಲ ವಿಠ್ಠಲ ಒಂದೇ ಕತೆ ಹೇಳುತ್ತಿದ್ದ. "ನಮ್ಮಜ್ಜ ಅಂದ್ರ ಸಾಮಾನ್ಯ ಅಲ್ರಿ. ಕಣ್ಣ ಹ್ವಾದ ಮ್ಯಾಲೂ ಹದಿನಾಲ್ಕ ವರ್ಷ ಫೋಟೋ ತಗದಾನ. ಬರೇ ಕೈಯಾಗಿನ ಗುಣ!"

ಕೇಳಿದವರೆಲ್ಲ ಕೈಮುಗಿಯುತ್ತಿದ್ದರು. ಕುರುಡ ಫೋಟೋ ತೆಗೆದ ಎಂದರೆ ಊರು ನಂಬುತ್ತದೆ, ಅವನ ಹೆಂಡತಿ ತೆಗೆದಳು ಎಂಬ ಯೋಚನೆ ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ. ನಾನು ಹಿಡಿದ ತಲೆಗಳ ಮೊಮ್ಮಕ್ಕಳು ಇವರು! ಸಿಟ್ಟಿನಿಂದ ನನಗೆ ತುಕ್ಕು ಹಿಡಿಯುವುದೂ ಮರೆತುಹೋಗಿತ್ತು.

ಆಗ ಬಂದವಳು ರಜಿಯಾ ನದಾಫ್. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಊರಿನ ಮೊದಲ ಫೋಟೋಗ್ರಾಫರುಗಳ ಬಗ್ಗೆ ಪುಸ್ತಕ ಬರೆಯಲು ಎರಡು ವರ್ಷ ಮನೆಮನೆ ಅಲೆದು, ಟ್ರಂಕಿನ ತಳದಲ್ಲಿದ್ದ ಫೋಟೋಗಳನ್ನೆಲ್ಲ ಪ್ರತಿ ಮಾಡಿಕೊಂಡಿದ್ದಳು. ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ಜೊತೆಗೆ ಗ್ರಂಥಾಲಯದಲ್ಲಿ ಪ್ರದರ್ಶನವೂ ಇತ್ತು. ಪ್ರತಿ ಫೋಟೋದ ಕೆಳಗೆ ತೆಗೆದವರ ಹೆಸರು ಬರಬೇಕು. ಒಮ್ಮೆ ಅಚ್ಚಾದರೆ ಮುಗಿಯಿತು, ತುಳಸವ್ವ ಇನ್ನೊಮ್ಮೆ ಸತ್ತಂತೆ. ಸಾಲದ್ದಕ್ಕೆ ಅವತ್ತೇ ಗುಜರಿಯವನು ನನ್ನನ್ನು ಎತ್ತಿ ತೂಗಿ ನೋಡುತ್ತಿದ್ದ.

"ಎಲ್ಲಾದಕ್ಕೂ ಅಜ್ಜನ ಹೆಸರು ಹಾಕ್ರಿ ಮೇಡಂ. ಶಿಕ್ಕಾ ಐತೆಲ್ಲ ಹಿಂದ," ಅಂದ ವಿಠ್ಠಲ.

ರಜಿಯಾ ಫೋಟೋಗಳನ್ನು ಮೇಜಿನ ಮೇಲೆ ಎರಡು ಗುಂಪಾಗಿ ಹರವಿದಳು. "ಒಂದು ಮಾತು ತಿಳೀವಲ್ದು ವಿಠ್ಠಲಣ್ಣ. ಮೂವತ್ನಾಕರ ತನಕ ಎಲ್ಲಾದ್ರಾಗೂ ಒಂದು ಕುಂಡ ಐತಿ. ಆಮ್ಯಾಲಿನ ಎಲ್ಲಾದ್ರಾಗೂ ಕುಂಡ ಇಲ್ಲ, ಈ ಮೋಟುಗಾಲು ಐತಿ. ಏನಿದು?"

ಹಾಗೆನ್ನುತ್ತಲೇ ಅವಳ ಕಣ್ಣು ಗುಜರಿಯವನ ಕೈಯಲ್ಲಿದ್ದ ನನ್ನ ಮೇಲೆ ಬಿತ್ತು. ಜಾಲಿ ತುಂಡು ನೋಡಿದಳು. "ಇಡಪಾ ಕೆಳಗ!" ಎಂದು ಕೂಗಿದ ದನಿಗೆ ಅವನು ನನ್ನನ್ನು ಬಿಟ್ಟೇಬಿಟ್ಟ. ಅವಳು ನೆಲಕ್ಕೆ ಕೂತು ನನ್ನ ಕಾಲನ್ನು ಕೈಯಲ್ಲಿ ಹಿಡಿದಳು. ಎಷ್ಟೋ ವರ್ಷಗಳ ಮೇಲೆ ನನ್ನ ಕಾಲನ್ನು ಯಾರೋ ಒರೆಸಿದರು. ಅಳಲು ನನಗೆ ಕಣ್ಣಿಲ್ಲ, ಇದ್ದಿದ್ದರೆ ಅಳುತ್ತಿದ್ದೆ.

ಆಮೇಲೆ ಅವಳು ತಲೆಯೆತ್ತಿ ಗೋಡೆಯ ಮೇಲಿನ ಏಕನಾಥಪ್ಪನನ್ನು ನೋಡಿದಳು. ಕುರ್ಚಿಯ ಅಡಿಯಲ್ಲಿ, ಬೆಳ್ಳಗೆ, ಅದೇ ತುಂಡು.

"ವಿಠ್ಠಲಣ್ಣ, ನಿಮ್ಮಜ್ಜ ಕಣ್ಣಿಲ್ದ ಫೋಟೋ ತಗದ್ರು ಅಂತೀರಿ, ಆಗ್ಲಿ. ಆದ್ರ ಇದರಾಗ ಅವರ ಕೈ ಎರಡೂ ಮೊಣಕಾಲ ಮ್ಯಾಲ ಅದಾವು. ಇದನ್ನ ಯಾರ್ ತಗದ್ರು?"

"ಅಜ್ಜನ..." ಎಂದ ವಿಠ್ಠಲ ಗೋಡೆ ನೋಡಿದ, ನನ್ನನ್ನು ನೋಡಿದ. ಗುಜರಿಯವನು ತಕ್ಕಡಿ ಮಡಚಿಕೊಂಡು ಹೊರಟುಹೋದ.

"ಮನ್ಯಾಗ ಇನ್ಯಾರಿದ್ರು?" ಎಂದು ರಜಿಯಾ ಮೆತ್ತಗೆ ಕೇಳಿದಳು.

ವಿಠ್ಠಲ ಹೇಳಿದ. "ಅಜ್ಜಿ ಇದ್ಲರಿ. ಪ್ಲೇಟ್ ತೊಳೀತಿದ್ಲು ಅಂತಿದ್ರು. ಕುಳ್ಳಿ ಅಂತ, ಮಣಿ ಮ್ಯಾಲ ನಿಂದರತಿದ್ಲಂತ... ಯಾಕ ನಿಂದರತಿದ್ಲು ಅಂತ ನಾವ್ ಯಾರೂ ಕೇಳ್ಲೇ ಇಲ್ಲ."

ಈಗ ನಾನು ಗ್ರಂಥಾಲಯದ ಮೂಲೆಯಲ್ಲಿದ್ದೇನೆ. ನೂರು ದಾಟಿದೆ, ಕವಲು ಸಡಿಲಾಗಿದೆ. ಗೋಡೆಯ ತುಂಬ ನಾನು ಹಿಡಿದ ತಲೆಗಳು, ಅರ್ಧಕ್ಕಿಂತ ಹೆಚ್ಚು ಫೋಟೋಗಳ ಕೆಳಗೆ ತುಳಸವ್ವ ಚಿತ್ರಗಾರ ಎಂದು ಬರೆದಿದೆ. ಏಕನಾಥಪ್ಪನ ಫೋಟೋದ ಕೆಳಗೂ ಅದೇ ಹೆಸರು. ಆ ಹೆಸರುಗಳನ್ನು ವಿಠ್ಠಲನೇ ತನ್ನ ಅಂಗಡಿಯಲ್ಲಿ ಅಚ್ಚುಹಾಕಿದ. ಕಾಣದಂತೆ ದುಡಿಯುವುದು ದೊಡ್ಡ ಗುಣ ಎಂದು ಇನ್ನು ಯಾರಾದರೂ ನನಗೆ ಹೇಳಲಿ ನೋಡೋಣ.

ಪ್ರದರ್ಶನದ ಮೊದಲ ದಿನ, ಅಂದ ಕಾಣಲೆಂದು ಯಾರೋ ಒಂದು ಪ್ಲಾಸ್ಟಿಕ್ ಹೂಕುಂಡ ತಂದು ನನ್ನ ಮೋಟುಗಾಲಿನ ಮುಂದಿಟ್ಟರು. ವಿಠ್ಠಲ ದೂರದಿಂದ ನೋಡಿದವನು ಜನರನ್ನು ಸರಿಸಿಕೊಂಡು ಬಂದ. ಕಾಲಿನಿಂದಲೇ ಕುಂಡವನ್ನು ಪಕ್ಕಕ್ಕೆ ತಳ್ಳಿದ.

"ಕಾಣಲಿ," ಅಂದ.

ಅದೇ ಮಾತು ಆಡಿದ್ದ ಅಜ್ಜಿಯನ್ನು ಅವನು ನೋಡಿಯೇ ಇರಲಿಲ್ಲ.