ಮೋನಿಕಾಳ ಹಡಗು

ಜವನಗೊಂಡನಹಳ್ಳಿಯ ತಿಮ್ಮರಾಯಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅಂಡಮಾನಿಗೆ ಹೊರಟು ನಿಂತಾಗ ಹೆಂಡತಿ ಉಚ್ಚಂಗಮ್ಮ ಬಾಗಿಲಿಗೂ ಬರಲಿಲ್ಲ.

"ಹೆಣಾನೂ ಸಿಕ್ಕಿಲ್ಲ. ಸತ್ತೋದ್ಲು ಅಂತ ಒಪ್ಕಂಡು ಬರಕ್ಕೆ ಹೊಂಟೀಯೇನು? ಹೋಗು," ಎಂದು ಒಳಗಿನಿಂದಲೇ ಅಂದಳು.

ಅವರ ಒಬ್ಬಳೇ ಮಗಳು ಮೋನಿಕಾ ಪ್ರಾಣಿಶಾಸ್ತ್ರ ಓದಿ, ಪ್ರವಾಸಿಗರನ್ನು ದೂರದ ದ್ವೀಪಗಳಿಗೆ ಕರೆದೊಯ್ಯುವ ಪುಟ್ಟ ಹಡಗೊಂದರಲ್ಲಿ ಕೆಲಸಕ್ಕಿದ್ದಳು. ಕಡಲಹಕ್ಕಿ, ಆಮೆ, ಹವಳ ತೋರಿಸಿ ಅವುಗಳ ಕತೆ ಹೇಳುವ ಕೆಲಸ. ಹೋದ ವರ್ಷ ಒಂದು ದ್ವೀಪದಿಂದ ಜನರನ್ನು ರಬ್ಬರ್ ದೋಣಿಯಲ್ಲಿ ಹಡಗಿಗೆ ಮರಳಿ ತರುವಾಗ ಅಲೆ ದೋಣಿಯನ್ನು ಮಗುಚಿತು. ಉಳಿದವರ ಕೈಗೆಲ್ಲ ಹಗ್ಗ ಹಿಡಿಸಿದವಳು ತಾನು ಮಾತ್ರ ಸಿಗಲಿಲ್ಲ.

ಈ ವರ್ಷ ಫೋನು ಮಾಡಿದ್ದು ಚಿತ್ರದುರ್ಗದ ಫರೀಹಾ. ಮೋನಿಕಾಳ ಜೊತೆ ಓದಿ, ಜೊತೆಗೇ ಹಡಗು ಸೇರಿದವಳು.

"ಹಡಗು ಪೂರಾ ಹಳೇದಾಗೈತೆ ಅಪ್ಪಾರೆ. ಇದೇ ಕೊನೇ ಸಲ, ಆಮೇಲೆ ಒಡೆಯಕ್ಕೆ ಕಳಿಸ್ತಾರೆ. ಆ ಜಾಗದ ಹತ್ರಾನೇ ಹೋಗ್ತೀವಿ. ಬರ್ರಿ, ನಾನಿರ್ತೀನಿ."

ತುಕ್ಕಿನ ಮೇಲೆ ಬಣ್ಣ ಬಳಿದ ಹಡಗು. ನಡೆದರೆ ಕಾಲಡಿಯ ಹಲಗೆ ನಡುಗುತ್ತಿತ್ತು, ಊಟದ ಕೋಣೆಗೂ ಡೀಸೆಲ್ ವಾಸನೆ. ತಿಮ್ಮರಾಯಪ್ಪನಿಗೆ ಮೋನಿಕಾ ಇದ್ದ ಕೋಣೆಯನ್ನೇ ಕೊಟ್ಟಿದ್ದರು. ಹಾಸಿಗೆ ಅದೆಷ್ಟು ಕಿರಿದಾಗಿತ್ತೆಂದರೆ, ಕೈಕಾಲು ಚಾಚಿ ಮಲಗುತ್ತಿದ್ದ ಮಗಳು ಇಲ್ಲಿ ಹೇಗೆ ಮಲಗಿದಳೋ ಎಂದು ಅವನ ಕಣ್ಣು ತುಂಬಿತು.

ಮೇಲೆ ಕ್ಯಾಮೆರಾ, ದುರ್ಬೀನು ಹಿಡಿದವರ ಸಡಗರ. ಮೈಸೂರಿನ ಹೆಂಗಸೊಬ್ಬರು ಪ್ರೀತಿಯಿಂದಲೇ ಮಾತಾಡಿಸಿದರು. "ಏನು ನೋಡೋಕೆ ಬಂದ್ರಿ, ಆಮೆನಾ, ಡಾಲ್ಫಿನ್ನಾ?"

"ಮಗಳನ್ನ ನೋಡಕ್ಕೆ ಬಂದೀನಿ."

"ಓ, ಇಲ್ಲೇ ಇದ್ದಾರಾ?"

ಅವನು ಹೂಂ ಎಂದು ತಲೆಯಾಡಿಸಿದ.

ಆ ದ್ವೀಪ ನೀಲಿ ಗೆರೆಯಂತೆ ಕಾಣಿಸಿಕೊಂಡ ಮಧ್ಯಾಹ್ನ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಹೊಗೆ ಬಂತು. ಹೇಗೋ ರಿಪೇರಿ ಮಾಡಿದರೂ, ಇನ್ನು ಮುಂದೆ ಹೋಗುವುದು ಬೇಡ, ಬಂದರಿಗೆ ಮರಳೋಣ ಎಂದ ಕ್ಯಾಪ್ಟನ್. ಪ್ರವಾಸಿಗರು ಅವನ ಮೇಲೆ ಹರಿಹಾಯ್ದರು.

ತಿಮ್ಮರಾಯಪ್ಪ ಅವರನ್ನೆಲ್ಲ ಸರಿಸಿಕೊಂಡು ಮುಂದೆ ಬಂದು ಕೈಮುಗಿದ. "ಸಣ್ಣ ದೋಣ್ಯಾಗಾದ್ರೂ ಕರ್ಕಂಡೋಗ್ರಿ ಸ್ವಾಮಿ. ಅಗಾ, ಅಲ್ಲೇ ಕಾಣ್ತೈತೆ."

ಫರೀಹಾ ಅದನ್ನು ಹಿಂದಿಯಲ್ಲಿ ಹೇಳಿದಳು. ಕ್ಯಾಪ್ಟನ್ ಅಲೆಗಳ ಕಡೆ ನೋಡಿದ, ತಿಮ್ಮರಾಯಪ್ಪನ ಮುಖ ನೋಡಲಾರದೆ ತಲೆ ತಗ್ಗಿಸಿ ಏನೋ ಹೇಳಿದ.

"ಒಬ್ಬಳನ್ನ ಕಳಕಂಡೀನಿ, ಇನ್ನೊಬ್ಬರನ್ನ ಕಳಿಸಕ್ಕಾಗಲ್ಲ ಅಂತಾರೆ," ಎಂದು ಫರೀಹಾ ತಿಮ್ಮರಾಯಪ್ಪನ ತೋಳು ಹಿಡಿದಳು.

ಹಡಗು ತಿರುಗಿತು. ತಿಮ್ಮರಾಯಪ್ಪ ಹಿಂತುದಿಗೆ ಓಡಿ ಕಂಬಿ ಹಿಡಿದು ನಿಂತ. ದ್ವೀಪ ಸಣ್ಣದಾಗುತ್ತಿತ್ತು. ಗುಡ್ಡದಲ್ಲಿ ತಪ್ಪಿಸಿಕೊಂಡ ಕುರಿಯನ್ನು ಕರೆವಂತೆ ಬಾಯಿಗೆ ಕೈ ಹಚ್ಚಿ ಕೂಗಿದ.

"ಮೋನೀ... ಬಾರವ್ವೋ... ಮನೀಗೆ ಹೋಗಾಣ ಬಾರವ್ವೋ..."

ರೇಗಾಡುತ್ತಿದ್ದವರೆಲ್ಲ ಅವನತ್ತ ತಿರುಗಿದರು. ದನಿ ಒಡೆದು ಬರೀ ಗಾಳಿ ಬರುವವರೆಗೂ ಅವನು ಕೂಗಿದ. ಮೈಸೂರಿನ ಹೆಂಗಸು ಹತ್ತಿರ ಬಂದು, ಅಲ್ಲೇ ನಿಂತು ಅತ್ತರು.

ಊರಿಗೆ ಬಂದಾಗ ಉಚ್ಚಂಗಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ಅವನು ಜಗಲಿಯ ಮೇಲೆ ಕುಂತ. ಅವಳು ನೀರು ತಂದಿಟ್ಟಳು. ಆ ಜಾಗದವರೆಗೂ ಹೋಗಲಾಗಲಿಲ್ಲ ಎಂದು ಹೇಳಬೇಕೆಂದರೂ ಅವನಿಗೆ ಬಾಯಿ ಬರಲಿಲ್ಲ.

ಮತ್ತೆ ಪೊರಕೆ ಹಿಡಿದು ಅವಳೇ ಮೆಲ್ಲಗೆ ಕೇಳಿದಳು: "ಅಲ್ಲಿ ನೀರು ತಣ್ಣಗೈತೇನು?"

"ಇಲ್ಲ ಕಣೇ. ಬೆಚ್ಚಗೈತೆ."

ಉಚ್ಚಂಗಮ್ಮ ಪೊರಕೆ ಕೆಳಗಿಟ್ಟು, ಅವನ ಪಕ್ಕ ನೆಲದ ಮೇಲೆ ಕುಸಿದಳು. ಒಂದು ವರ್ಷದಿಂದ ಒಂದು ಹನಿ ಕಣ್ಣೀರನ್ನೂ ಹಾಕದವಳು, ಬೀದಿಯವರೆಲ್ಲ ಬಂದು ಸೇರುವಂತೆ ಮಗಳ ಹೆಸರು ಹಿಡಿದು ಅತ್ತಳು.